ಪಾಪ ಅಂದರೆ ಪಾನಿಪುರಿ

ಹೋದ ತಿಂಗಳು ನಮ್ಮ ಕಾರ್ಖಾನೆಯ ಕ್ಯಾಂಟೀನ್ ಹಾಲಿನಲ್ಲಿ ಮೇಡಂಗೆ ಬೀಳ್ಕೊಡುಗೆ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೊಂದು ಮೈಸೂರು ಪೇಟ. ಪೇಟ ದೊಡ್ಡದಾಗಿ ಹುಬ್ಬಿನವರೆಗೂ ಇಳಿದಿತ್ತು. ಮಾತಾಡಿದವರೆಲ್ಲ ಒಂದೇ ರಾಗ ಹಾಡಿದರು. ಮೇಡಂ ಅಂದರೆ ತಾಳ್ಮೆ, ಮೇಡಂ ಅಂದರೆ ತಾಯಿ, ಮೇಡಂಗೆ ಭೂಮಿತಾಯಿಯಷ್ಟು ಸಹನೆ. ನಾನು ಮೂರನೇ ಸಾಲಿನಲ್ಲಿ ಕೂತು ಸಿಡಿಮಿಡಿಗೊಳ್ಳುತ್ತಿದ್ದೆ. ಯಾರ ಬಗ್ಗೆ ರೀ ಮಾತಾಡ್ತಿದೀರಿ? ಆ ಹೆಂಗಸಿಗೆ ತಾಳ್ಮೆಯಂತೆ! ಟೀ ಎರಡು ನಿಮಿಷ ತಡವಾದರೆ ಕ್ಯಾಂಟೀನಿಗೇ ಹೋಗಿ ಒಲೆ ಮುಂದೆ ನಿಲ್ಲುತ್ತಿದ್ದವರು ಅವರು.

ಸತ್ತವರನ್ನೂ ನಿವೃತ್ತರಾದವರನ್ನೂ ನಾವು ಒಂದೇ ಪಾತ್ರೆಯಲ್ಲಿ ಅದ್ದಿ ತೆಗೆಯುತ್ತೇವೆ. ಎಲ್ಲರೂ ಒಂದೇ ಬಣ್ಣವಾಗಿ ಹೊರಗೆ ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ನಾಳೆಯೇ ಮನೆ ಬಾಗಿಲಿಗೆ ಬಂದು, “ಏನ್ರೀ, ನನ್ನ ವಿಷ್ಯ ಬರೆಯೋಕೆ ನಿಮ್ಮನ್ನ ಯಾರು ಕೇಳಿದ್ರು?” ಅಂತ ಜಗಳಕ್ಕೆ ನಿಲ್ಲುತ್ತಾರೆ. ಈಗ ಅವರಿಗೆ ಬೇಕಾದಷ್ಟು ಪುರುಸೊತ್ತು ಬೇರೆ ಇದೆ.

ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಆಗ ಕೋಲಾರದ ಗಣಿ ಇನ್ನೂ ಮುಚ್ಚಿರಲಿಲ್ಲ. ಮುಚ್ಚುತ್ತಾರಂತೆ ಎಂಬ ಮಾತು ಮಾತ್ರ ಎಲ್ಲ ಟೀ ಅಂಗಡಿಗಳಲ್ಲೂ ಇತ್ತು. ನಮ್ಮದು ಗಣಿಯಲ್ಲ, ಕೋರಮಂಡಲ್ ಹತ್ತಿರ ದೊಡ್ಡ ದೊಡ್ಡ ಪಂಪುಗಳನ್ನು ಜೋಡಿಸುವ ಕಾರ್ಖಾನೆ. ನಾನು ತುರುವೇಕೆರೆ ಕಡೆಯವನು, ಅವರು ಬೂದಿಕೋಟೆಯವರು. ಇಬ್ಬರೂ ಇಂಜಿನಿಯರ್‌ಗಳು. ಅಂಕಗಳನ್ನು ನೋಡಿದರೆ ಅವರು ನನಗಿಂತ ಒಂದು ಮಹಡಿ ಮೇಲಿದ್ದರು. ನಮ್ಮನ್ನು ಬರಮಾಡಿಕೊಂಡವರು ಆಗ ಅಸೆಂಬ್ಲಿ ಶಾಪಿನ ಮ್ಯಾನೇಜರ್. ಮುಂದೆ ಇಡೀ ಕಾರ್ಖಾನೆಗೆ ಮುಖ್ಯಸ್ಥರಾಗಿ ‘ದೊಡ್ಡ ಸಾಹೇಬರು’ ಎನಿಸಿಕೊಂಡರು. ಸಾಹೇಬರು ನನ್ನನ್ನು ನೋಡಿ, “ನೀನು ನನ್ನ ಶಾಪಿಗೆ ಬಾರಪ್ಪ” ಅಂದರು. ಮೇಡಂ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು.

“ಪಾಪ, ಹೆಣ್ಣುಮಗು. ಶಾಪಿನಲ್ಲಿ ಎಣ್ಣೆ, ಗಲಾಟೆ, ಬೈಗುಳ. ನೀವು ಡ್ರಾಯಿಂಗ್ ಆಫೀಸಿನಲ್ಲಿ ಕೂತ್ಕೊಳ್ಳಿ ಅಮ್ಮಾ.”

ಡ್ರಾಯಿಂಗ್ ಆಫೀಸಿನಲ್ಲಿ ಫ್ಯಾನ್ ಇತ್ತು, ಮೇಜು ಇತ್ತು, ಬಾಗಿಲಿಗೆ ಪರದೆ ಇತ್ತು. ನನಗೆ ಹೊಟ್ಟೆಕಿಚ್ಚಾಯಿತು. ಎಂಥ ಅದೃಷ್ಟ ಈ ಹುಡುಗಿಯದು ಅಂದುಕೊಂಡೆ. ಅಸೆಂಬ್ಲಿ ಶಾಪು ನಡೆಸಿದವರಿಗೇ ನಮ್ಮಲ್ಲಿ ಮೇಲಿನ ಕುರ್ಚಿ ಸಿಗುವುದು, ಪಂಪು ಜೋಡಿಸಿ ಓಡಿಸಿ ತೋರಿಸದವನು ಎಷ್ಟು ಬುದ್ಧಿವಂತನಾದರೂ ಪಕ್ಕದ ಕೋಣೆಯಲ್ಲೇ ಮುದುಕನಾಗುತ್ತಾನೆ ಎಂಬುದು ನನಗೆ ಗೊತ್ತಾಗಲು ಕೆಲವು ವರ್ಷ ಬೇಕಾದವು. ಅವರಿಗೆ ಅವತ್ತು ಸಂಜೆಯೇ ಗೊತ್ತಾಗಿತ್ತು. “ನಂಗೆ ಶಾಪೇ ಬೇಕು ಸಾರ್” ಅಂತ ಮಾರನೆಯ ದಿನ ಹೋಗಿ ಕೇಳಿದರು. ಸಾಹೇಬರು ನಕ್ಕು, ಅವರಿಗೊಂದು ಕಾಫಿ ತರಿಸಿಕೊಟ್ಟು ಕಳಿಸಿದರು.

ಇನ್ನು ನನ್ನ ಏಳಿಗೆಯ ಕಥೆ. ಅದು ರೈಲಿನಲ್ಲಿ ನಡೆಯಿತು. ಸಾಹೇಬರೂ ಇನ್ನು ಕೆಲವು ಹಿರಿಯರೂ ಬೆಳಗಿನ ಗಾಡಿಯಲ್ಲಿ ಬೆಂಗಳೂರಿನಿಂದ ಬರುತ್ತಿದ್ದರು. ಬಂಗಾರಪೇಟೆಯಲ್ಲಿ ಗಾಡಿ ಮಾರಿಕುಪ್ಪಂ ಕಡೆಗೆ ತಿರುಗುತ್ತದೆ. ಬಂಗಾರಪೇಟೆಯಲ್ಲೇ ರೂಮು ಮಾಡಿಕೊಂಡಿದ್ದ ನಾನು ಅವರ ಡಬ್ಬಿಗೆ ಹತ್ತುತ್ತಿದ್ದೆ. ಮಂಡಿಗಳ ಮೇಲೆ ಟವೆಲ್ ಹಾಸಿ ರಮ್ಮಿ ನಡೆಯುತ್ತಿತ್ತು. ಒಂದು ದಿನ ಒಬ್ಬರು ಬಂದಿರಲಿಲ್ಲ, ಎಲೆ ಹಿಡಿಯಲು ನನ್ನನ್ನು ಕೂರಿಸಿದರು. ಮುಂದಿನ ತಿಂಗಳಿಗೆ ನಾನು ಖಾಯಂ. ಆ ಟವೆಲ್ಲಿನ ಮೇಲೆ ಯಾರಿಗೆ ಯಾವ ಶಾಪು, ಯಾರು ತರಬೇತಿಗೆ ಪುಣೆಗೆ, ಯಾರ ಮೇಲೆ ಯಾರಿಗೆ ಕೋಪ, ಎಲ್ಲ ಇಳಿಯುತ್ತಿತ್ತು. ಸಾಹೇಬರು ನನ್ನ ಬೆನ್ನು ತಟ್ಟಿ, “ಇವನು ನಮ್ಮ ಹುಡುಗ” ಅಂದರು. ಆ ವರ್ಷವೇ ನನಗೆ ಮೊದಲ ಬಡ್ತಿ ಬಂತು. ಪಂಪಿನ ಬಗ್ಗೆ ನನಗೆ ಆಗ ತಿಳಿದಿದ್ದು ಅಷ್ಟಕ್ಕಷ್ಟೆ, ಜೋಕರ್ ಯಾವಾಗ ಬಿಡಬಾರದು ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು.

ಮೇಡಂ ಕೂಡ ಅದೇ ಗಾಡಿಯಲ್ಲಿ ಬರುತ್ತಿದ್ದರು. ಮದುವೆಯಾಗಿ ಬಂಗಾರಪೇಟೆಗೇ ಬಂದಿದ್ದರು. ಯಜಮಾನರು ಹೈಸ್ಕೂಲ್ ಮೇಷ್ಟ್ರು, ಮಾತು ಕಡಿಮೆ. ಆದರೆ ಅವರು ಹತ್ತುತ್ತಿದ್ದುದು ಹೆಂಗಸರ ಡಬ್ಬಿಗೆ. ಅಲ್ಲಿ ಹೂವಿನವರು, ಸೊಪ್ಪಿನವರು, ಆಸ್ಪತ್ರೆಯ ನರ್ಸುಗಳು, ನಮ್ಮ ಫಿಟ್ಟರ್‌ಗಳ ಹೆಂಡಿರು, ಅತ್ತಿಗೆಯರು. ಇವರು ಅವರೆಕಾಯಿ ಬಿಡಿಸಿಕೊಡುತ್ತ ತಮಿಳು ಕಲಿತರು, ಹೂ ಕಟ್ಟುತ್ತ ತೆಲುಗು ಸರಿ ಮಾಡಿಕೊಂಡರು. ಬೂದಿಕೋಟೆಯ ಕನ್ನಡವಂತೂ ಇದ್ದೇ ಇತ್ತು. ಆಫೀಸಿನಲ್ಲಿ ಅಚ್ಚುಕಟ್ಟಾಗಿ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಹಕಾರ ಮಾಯವಾಗುತ್ತಿತ್ತು. “ಹೋಗಿ” ಅಂದರೆ ಹೋಗಬಹುದಿತ್ತು. “ಓಗ್ರಿ” ಅಂದರೆ ಓಡಬೇಕಿತ್ತು.

ಅವರ ಇನ್ನೊಂದು ಆಯುಧ ಎರಡು ಪದದ್ದು. ಯಾರಾದರೂ ಕೆಲಸ ಆಗದ್ದಕ್ಕೆ ಕಾರಣ ಹೇಳಲು ಶುರು ಮಾಡಿದರೆ ಕನ್ನಡಕ ತೆಗೆದು, ಬಾಯಿಂದ ಉಫ್ ಅಂತ ಊದಿ, ಸೆರಗಿನ ತುದಿಯಿಂದ ಒರೆಸುತ್ತ, “ಸರಿ, ಆಮೇಲೆ?” ಅನ್ನುತ್ತಿದ್ದರು. ಇನ್ನೊಂದು ಕಾರಣ ಹೇಳಿದರೆ ಮತ್ತೆ, “ಸರಿ, ಆಮೇಲೆ?” ಜಗಳವಿಲ್ಲ, ಕೂಗಾಟವಿಲ್ಲ. ನಾಲ್ಕನೇ ‘ಆಮೇಲೆ’ಗೆ ಎಂಥವನ ಹತ್ತಿರವೂ ಸರಕು ಖಾಲಿಯಾಗಿ, “ಮಾಡ್ತೀನಿ ಮೇಡಂ” ಅಂತ ಹೊರಡುತ್ತಿದ್ದ.

ಇಷ್ಟೆಲ್ಲ ಇದ್ದೂ ಅಸೆಂಬ್ಲಿ ಶಾಪು ಅವರಿಗೆ ಸಿಗಲಿಲ್ಲ. ಒಮ್ಮೆ ಕೇಳಿದಾಗ, ಪಾಪ ಬಸುರಿ. ಇನ್ನೊಮ್ಮೆ ಕೇಳಿದಾಗ, ಪಾಪ ಮಗು ಚಿಕ್ಕದು. ಮತ್ತೆ ಕೇಳಿದಾಗ, ಪಾಪ ಎರಡನೆಯದೂ ಆಯಿತಲ್ಲ. ಪುಣೆಯ ತರಬೇತಿಗೆ ಹೆಸರು ಬಂದಾಗ, ಪಾಪ ಅಷ್ಟು ದೂರ ಒಬ್ಬಳೇ ಹೇಗೆ ಹೋಗ್ತಾಳೆ. ನನಗೂ ಅದೇ ವರ್ಷಗಳಲ್ಲಿ ಎರಡು ಮಕ್ಕಳಾದವು. ಒಬ್ಬನಾದರೂ ನನ್ನನ್ನು ಪಾಪ ಅನ್ನಬೇಕಲ್ಲ! ಪೇಡ ಕೇಳಿದರು, ತಿಂದರು, “ಜವಾಬ್ದಾರಿ ಜಾಸ್ತಿಯಾಯ್ತು, ಇವನಿಗೊಂದು ಬಡ್ತಿ ಕೊಡಬೇಕು” ಅಂದರು. ಮಗು ಹುಟ್ಟಿದರೆ ಗಂಡಸಿನ ಸಂಬಳ ಏರುತ್ತದೆ, ಹೆಂಗಸಿನ ಮೇಜು ಪಕ್ಕಕ್ಕೆ ಸರಿಯುತ್ತದೆ. ನಮ್ಮ ಕಾರ್ಖಾನೆಯಲ್ಲಿ ಇದನ್ನು ಯಾರೂ ಅನ್ಯಾಯ ಅಂತ ಮಾಡಲಿಲ್ಲ, ಕರುಣೆಯಿಂದ ಮಾಡಿದರು.

“ನಂಗೆ ಈ ಫ್ಯಾಕ್ಟರೀಲಿ ಶತ್ರುಗಳೇ ಇಲ್ಲ ಕಣ್ರೀ,” ಅಂತ ಒಮ್ಮೆ ಹೇಳಿದರು. “ಇದ್ದಿದ್ರೆ ಹೊಡೆದಾಡಬಹುದಿತ್ತು. ಇವರು ಪಾಪ ಪಾಪ ಅಂತಾನೇ ನನ್ನ ಮೂಲೇಲಿ ಕೂರಿಸಿಬಿಟ್ರು.”

ಪ್ಲಾನಿಂಗ್ ವಿಭಾಗಕ್ಕೆ ಹಾಕಿ ಒಂದು ಸ್ವಂತ ಕೋಣೆ ಕೊಟ್ಟ ದಿನವೇ ಅವರೊಂದು ಕಾನೂನು ತಂದರು. ಈ ಕೋಣೆಯೊಳಗೆ ಯಾರು ಪಾಪ ಅಂದರೂ ಸಂಜೆ ಬಂಗಾರಪೇಟೆಯಲ್ಲಿ ಇಳಿದು ಎಲ್ಲರಿಗೂ ಪಾನಿಪುರಿ ಕೊಡಿಸಬೇಕು. ಅಲ್ಲಿನ ಪಾನಿಪುರಿ ಗೊತ್ತಲ್ಲ? ಪಾನಿ ನೋಡುವುದಕ್ಕೆ ಬರೀ ನೀರು, ತಿಳಿಯಾಗಿರುತ್ತದೆ. ಬಾಯಿಗೆ ಹಾಕಿದರೆ ಕಿವಿಯಲ್ಲಿ ಹೊಗೆ. ಆ ಕಾನೂನಿನಿಂದ ನಮ್ಮ ಬಾಯಿ ನೆಟ್ಟಗಾಗಲು ಬಹಳ ಕಾಲ ಹಿಡಿಯಿತು. ಎಷ್ಟು ಸಲೀಸಾಗಿ ಆ ಎರಡಕ್ಷರ ನಾಲಿಗೆಯಿಂದ ಜಾರುತ್ತದೆ ಎಂಬುದು ಜೇಬಿಗೆ ಬಿಸಿ ಮುಟ್ಟಿದಾಗಲೇ ತಿಳಿದದ್ದು. ಹೊಸದಾಗಿ ಬಂದ ಟೈಪಿಸ್ಟ್ ಹುಡುಗಿಗೆ ಜ್ವರ ಅಂತ ಒಬ್ಬರು “ಪಾಪ” ಅಂದರು, ಸಿಕ್ಕಿಬಿದ್ದರು. “ಇದು ನಿಜವಾದ ಪಾಪ ಮೇಡಂ, ಜ್ವರ ಬಂದಿದೆ” ಅಂತ ವಾದ ಮಾಡಿದರು. “ಜ್ವರ ಬಂದ್ರೆ ರಜಾ ಕೊಡಿ, ಪಾಪ ಯಾಕೆ ಕೊಡ್ತೀರಿ?” ಅಂದರು ಇವರು. ಸಂಜೆ ಪಾನಿಪುರಿ ಆಯಿತು.

ಆಮೇಲೆ ಆ ಕಾಲ ಬಂತು. ದೊಡ್ಡ ಸಾಹೇಬರು ಮುಖ್ಯಸ್ಥರಾಗಿದ್ದರು, ಅಸೆಂಬ್ಲಿ ಶಾಪಿನ ಮ್ಯಾನೇಜರ್ ಕುರ್ಚಿ ಖಾಲಿಯಾಯಿತು. ಅರ್ಜಿ ಹಾಕಿದವರು ಇಬ್ಬರೇ, ಮೇಡಂ ಮತ್ತು ನಾನು. ರೈಲಿನ ಟವೆಲ್ಲಿನ ಮೇಲೆ ಅದು ನನ್ನದೆಂದು ಮೊದಲೇ ತೀರ್ಮಾನವಾಗಿತ್ತು. ಅವರಿಗೆ ಇದು ಕೊನೆಯ ಅವಕಾಶ. ಇದು ತಪ್ಪಿದರೆ ವಯಸ್ಸಿನ ಲೆಕ್ಕದಲ್ಲಿ ಇನ್ನು ಶಾಪು ನೋಡುವುದೇ ಇಲ್ಲ, ಪ್ಲಾನಿಂಗ್ ಕೋಣೆಯಲ್ಲೇ ನಿವೃತ್ತಿ. ಸಂದರ್ಶನ ಮುಗಿಸಿ ಸಂಜೆ ಇಬ್ಬರೂ ಬಂಗಾರಪೇಟೆಯ ಚಾಟ್ ಅಂಗಡಿ ಮುಂದೆ ನಿಂತೆವು. ಅವತ್ತು ಯಾರದೂ ದಂಡವಿರಲಿಲ್ಲ, ಸುಮ್ಮನೆ ಹಸಿವಾಗಿತ್ತು.

“ನಿಮ್ಮನ್ನ ಏನು ಕೇಳಿದ್ರು?” ಅಂದರು.

“ಉತ್ಪಾದನೆ ಹೇಗೆ ಹೆಚ್ಚಿಸ್ತೀಯಾ ಅಂತ. ಪಂಪು ಓಡಿಸಿ ನೋಡೋಕೆ ಹೊಸ ಟೆಸ್ಟ್ ಬೆಡ್ ಬೇಕಾ ಅಂತ. ನಿಮ್ಮನ್ನ?”

“ಮಕ್ಕಳು ಎಷ್ಟನೇ ಕ್ಲಾಸು ಅಂತ. ಅಡುಗೆ ಯಾರು ಮಾಡ್ತಾರೆ ಅಂತ. ಪಾಪ, ನಿಮ್ಮ ಅತ್ತೆಗೆ ವಯಸ್ಸಾಯ್ತಲ್ಲ, ಅವರನ್ನ ಬಿಟ್ಟು ಶಾಪಿಗೆ ಹೇಗೆ ಬರ್ತೀರಿ ಅಂತ.” ಪೂರಿಗೆ ಹೆಬ್ಬೆರಳಲ್ಲಿ ತೂತು ಮಾಡಿದರು. ಅದು ಪುಡಿಪುಡಿಯಾಯಿತು. “ಟೆಸ್ಟ್ ಬೆಡ್ಡಿಗೆ ಏನೇನು ಬೇಕು ಅಂತ ನಾನು ವಾರದಿಂದ ಓದ್ಕಂಡಿದ್ದೆ ಕಣ್ರೀ. ಕೇಳಲೇ ಇಲ್ಲ. ಓಗ್ಲಿ ಬಿಡಿ.”

‘ಓಗ್ಲಿ’ ಅಂದರು. ಕಣ್ಣಲ್ಲಿ ನೀರಿತ್ತು. ಪಾನಿ ಖಾರ ಅಂದರು. ನಾನೂ ಹೌದು ಖಾರ ಅಂದೆ.

ಅದಾಗಿ ಕೆಲವು ದಿನಕ್ಕೆ ಆಯುಧಪೂಜೆ. ವರ್ಷಕ್ಕೆ ಅದೊಂದು ದಿನ ಕಾರ್ಖಾನೆಯೊಳಗೆ ಮನೆಯವರನ್ನೆಲ್ಲ ಬಿಡುತ್ತಾರೆ. ಯಂತ್ರಗಳಿಗೆ ಬಾಳೆಕಂದು, ಚೆಂಡುಹೂವು, ನೆಲದಲ್ಲಿ ಕುಂಕುಮ ಬಳಿದ ಬೂದುಗುಂಬಳ, ಎಲ್ಲರ ಕೈಯಲ್ಲೂ ಕಡಲೆಪುರಿ ಪೊಟ್ಟಣ. ಸಾಹೇಬರು ಅಸೆಂಬ್ಲಿ ಶಾಪಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆಗ ಬಂದರು ಮೇಡಂ ಅವರ ಅತ್ತೆ. ಕೆಂಪು ಸೀರೆ, ದೊಡ್ಡ ಕುಂಕುಮ, ಬಗಲಲ್ಲಿ ಹಾಲಿನ ಕ್ಯಾನು. ಮನೆಯ ಹಸುಗಳ ಹಾಲನ್ನು ಪೂಜೆಗೆಂದು ತಾವೇ ಹೊತ್ತು ತಂದಿದ್ದರು. ಸೀದಾ ಕುರ್ಚಿಯ ಮುಂದೆ ನಿಂತರು.

“ಯಾರಪ್ಪಾ ಇಲ್ಲಿ ದೊಡ್ಡ ಸಾಯೇಬ್ರು ಅಂದ್ರೆ?”

ಸಾಹೇಬರು ಎದ್ದು ಕೈ ಮುಗಿದರು. “ನಾನೇ ಅಮ್ಮಾ.”

“ನನ್ಗೆ ಉಸಾರಿಲ್ಲ ಅಂತ ಏಳಿದ್ದು ನೀವೇನಾ?”

ಡೋಲಿನವನು ಕೋಲು ನಿಲ್ಲಿಸಿದ. ಸಾಹೇಬರು, “ಹಾಗಲ್ಲ ಅಮ್ಮಾ, ವಯಸ್ಸಾಯ್ತಲ್ಲ ಅಂತ...” ಅಂದರು.

“ವಯಸ್ಸಾದ್ರೆ? ನಾಕು ಅಸ ಕರೀತೀನಿ ನಾನು. ಮೊಮ್ಮಕ್ಕಳಿಬ್ರನ್ನೂ ಇಸ್ಕೂಲ್‌ಗೆ ಬುಟ್ಟು ಬತ್ತೀನಿ. ಮುದ್ದೆ ಕೆಲಸ ನಂದೇ, ಸಾರು ನನ್ ಮಗಂದು. ನನ್ ಸೊಸೆ ಬೆಳಿಗ್ಗೆ ಕೆಲ್ಸಕ್ಕೆ ಓದೋಳು ಸಂಜೆ ಬರ್ಲಿ, ರಾತ್ರಿ ಬರ್ಲಿ, ನಾವು ಕೇಳಲ್ಲ. ನೀವ್ಯಾರಪ್ಪಾ ಕೇಳಾಕೆ?” ಆಮೇಲೆ ಸಾಹೇಬರನ್ನು ತಲೆಯಿಂದ ಕಾಲಿನವರೆಗೂ ನೋಡಿದರು. “ಈಗ ಕುರ್ಚಿಯಿಂದ ಏಳಾಕೆ ಎಲ್ಡು ಕೈ ಊರಿದ್ರಿ, ನೋಡ್ದೆ. ಮಂಡಿ ನೋವಾ? ಪಾಪ, ನಿಮ್ಗೇ ಕಷ್ಟ ಇದ್ದಂಗೈತೆ. ನಿಮ್ ಮನ್ಯಾಗೆ ಯಾರೂ ಕೆಲ್ಸ ಬುಡು ಅನ್ನಕಿಲ್ವಾ?”

ಇಡೀ ಶಾಪು ನಗು ತಡೆಯಲಾರದೆ ಯಂತ್ರಗಳ ಹಿಂದೆ ಹೋಯಿತು. ಸಾಹೇಬರ ಮುಖ ಮೊದಲು ಕೆಂಪಾಯಿತು. ಆಮೇಲೆ ಅವರೂ ನಕ್ಕುಬಿಟ್ಟರು. ಒಳ್ಳೆಯ ಮನುಷ್ಯರು, ಅದರಲ್ಲಿ ಅನುಮಾನವಿಲ್ಲ. ಇಷ್ಟು ವರ್ಷ ಆ ಮನೆಯವರ ಪರವಾಗಿ ತಾವು ಮಾತಾಡುತ್ತಿದ್ದೇವೆ ಎಂದೇ ಅವರು ನಂಬಿದ್ದರು. ಮುದುಕಿ ಹಾಲಿನ ಕ್ಯಾನನ್ನು ಅವರ ಕೈಗೇ ಕೊಟ್ಟು, ಪೂಜೆ ಎಲ್ಲಿ ಅಂತ ಕೇಳಿಕೊಂಡು ಹೋದರು.

ವಾರದಲ್ಲಿ ಆದೇಶ ಬಂತು. ಅಸೆಂಬ್ಲಿ ಶಾಪು ಮೇಡಂಗೆ. ಅದರಲ್ಲೂ ಒಂದು ಬಾಲ ಇತ್ತು, ಮೊದಲು ಆರು ತಿಂಗಳು ಪರೀಕ್ಷಾರ್ಥ. ಅಷ್ಟು ವರ್ಷದಲ್ಲಿ ಆ ಕುರ್ಚಿಗೆ ಬಂದ ಯಾವ ಗಂಡಸಿಗೂ ಪರೀಕ್ಷೆ ಇಟ್ಟಿದ್ದು ನನಗೆ ನೆನಪಿಲ್ಲ. ಅವರು ಸಂತೋಷವಾಗಿಯೇ ಇದ್ದರು, ಆದರೆ ಪೂರ್ತಿ ಅಲ್ಲ.

“ಅತ್ತೆಗೆ ನೀವೇ ಹೇಳಿಕೊಟ್ಟು ಕರ್ಕೊಂಡು ಬಂದ್ರಾ?” ಅಂತ ಕೇಳಿದೆ.

“ಛೆ! ನಡೆದದ್ದು ನಡೆದ ಹಾಗೆ ಊಟದ ಹೊತ್ತಲ್ಲಿ ಹೇಳಿದೆ, ಅಷ್ಟೆ. ಮಿಕ್ಕಿದ್ದೆಲ್ಲ ಅವರದೇ ಪ್ರತಿಭೆ.” ಕನ್ನಡಕ ಒರೆಸಿದರು. “ಆದ್ರೂ ನೋಡಿ, ನೀವು ಇಸ್ಪೀಟಿಂದ ಮೇಲೆ ಬಂದ್ರಿ, ನಾನು ಅತ್ತೆಯಿಂದ ಬಂದೆ. ನನ್ನ ಕೆಲಸ ನೋಡಿ ಒಬ್ಬರಾದ್ರೂ ಕೊಡಬಾರದಾಗಿತ್ತಾ?”

ಮಾರನೆಯ ದಿನ ರೈಲು ಹತ್ತಿದರೆ ಟವೆಲ್ಲಿನ ಸುತ್ತ ಇದ್ದವರೆಲ್ಲ ನನ್ನನ್ನೇ ನೋಡಿದರು. ಒಬ್ಬರು ಜಾಗ ಮಾಡಿಕೊಟ್ಟರು, ಇನ್ನೊಬ್ಬರು ತಮ್ಮ ಫ್ಲಾಸ್ಕಿನ ಕಾಫಿ ಕೊಟ್ಟರು. “ಪಾಪ, ಇವನಿಗೆ ಸಿಗಬೇಕಿತ್ತು” ಅಂದರು ಮೂರನೆಯವರು. ಜೀವಮಾನದಲ್ಲಿ ಮೊದಲ ಸಲ ನನಗೆ ಆ ಮಾತು ಬಿತ್ತು. ಎಷ್ಟು ಪ್ರೀತಿಯಿಂದ ಹೇಳಿದರು, ಎಷ್ಟು ಉರಿಯಿತು! ಮಾರನೆಯ ದಿನದಿಂದ ಬೇರೆ ಡಬ್ಬಿಗೆ ಹತ್ತಿದೆ. ಎಲೆ ಹಿಡಿಯುವುದೂ ಅಲ್ಲಿಗೆ ನಿಂತಿತು.

ಮೇಡಂ ಕೈಕೆಳಗೆ ನಾನು ಪಂಪು ಓಡಿಸಿ ನೋಡುವ ಟೆಸ್ಟಿಂಗ್ ನೋಡಿಕೊಳ್ಳಬೇಕಾಯಿತು. ಮೊದಲ ತಿಂಗಳು ಮುಖ ಊದಿಸಿಕೊಂಡೇ ಓಡಾಡಿದೆ. ಒಂದು ಪಂಪು ಸೋರುತ್ತಿದ್ದರೂ ಸರಿಯಿದೆ ಅಂತ ಕಳಿಸಲು ಹೊರಟಿದ್ದೆ. ಇಡೀ ಶಾಪಿನ ಎದುರು, “ಇದನ್ನ ಯಾವ ಕಣ್ಣಲ್ಲಿ ನೋಡಿದ್ರಿ? ಬಿಚ್ಚಿ, ಮತ್ತೆ ಮಾಡ್ರಿ. ಆಗದಿದ್ರೆ ಮನೆಗ್ ಓಗ್ರಿ” ಅಂದರು. ಸಾಹೇಬರ ಹುಡುಗನನ್ನು ಅದುವರೆಗೆ ಯಾರೂ ಹಾಗೆ ಗದರಿರಲಿಲ್ಲ. ಬಿಚ್ಚಿದೆ. ಸೀಲ್ ಯಾಕೆ ಹೋಗುತ್ತದೆ, ಬೇರಿಂಗ್ ಸವೆದರೆ ಶಬ್ದ ಹೇಗೆ ಬದಲಾಗುತ್ತದೆ, ಎಲ್ಲ ಆ ವಯಸ್ಸಿನಲ್ಲಿ ಕೂತು ಕಲಿತೆ. ಕಲಿಯುತ್ತ ಕಲಿಯುತ್ತ ಒಂದು ವಿಚಿತ್ರ ಆಯಿತು. ನನಗೆ ಪಂಪು ಇಷ್ಟವಾಗತೊಡಗಿತು.

ಶಾಪಿನ ಗಂಡಸರನ್ನು ಅವರು ಹೇಗೆ ನಿಭಾಯಿಸಿದರು ಅಂದರೆ, ಹೆಂಗಸರ ಡಬ್ಬಿಯಿಂದ. ಸಂಬಳದ ಮಾರನೆಯ ದಿನ ಹೊಟ್ಟೆನೋವೆಂದು ರಜೆ ಹಾಕುತ್ತಿದ್ದ ಒಬ್ಬ ಹಳೆಯ ಫಿಟ್ಟರ್ ಇದ್ದ. ಕೋರಮಂಡಲ್ಲಿನ ತಮಿಳಿನವನು. ಅವನನ್ನು ಕರೆದು, “ಏನಪ್ಪಾ, ನೆನ್ನೆ ನಿನ್ನ ಹೆಂಡತಿ ಸಿಕ್ಕಿದ್ಲು, ನೀನು ಡ್ಯೂಟಿಗೆ ಹೋಗಿದೀಯ ಅಂದ್ಲಲ್ಲ?” ಅಂದರು. ಅವನು ಟೋಪಿ ತೆಗೆದ. “ಅಮ್ಮಾ ತಾಯೇ, ಮೆಮೋ ಬೇಕಾದ್ರೆ ಎಲ್ಡು ಕೊಡುಮ್ಮಾ, ಮನೇಲಿ ಮಾತ್ರ ಸೊಲ್ಲಬೇಡಮ್ಮಾ!” ಹೇಳಲಿಲ್ಲ. ಅವನೂ ಆಮೇಲೆ ಹೊಟ್ಟೆನೋವು ಬಿಟ್ಟ. ಆರು ತಿಂಗಳ ಪರೀಕ್ಷೆ ಯಾವಾಗ ಮುಗಿಯಿತೋ ಯಾರಿಗೂ ನೆನಪಾಗಲಿಲ್ಲ.

ಕೆಲವು ವರ್ಷ ಕಳೆದವು. ದೊಡ್ಡ ಸಾಹೇಬರು ನಿವೃತ್ತರಾದರು, ಟವೆಲ್ಲಿನ ಬಳಗ ಚದುರಿತು. ಹೊಸದಾಗಿ ಬಂದ ಮುಖ್ಯಸ್ಥರು ಕಾರಿನಲ್ಲಿ ಬರುತ್ತಿದ್ದರು, ಅವರ ಜೊತೆ ಅವರದೇ ಹುಡುಗರು ಬಂದಿದ್ದರು. ನಾನೀಗ ಯಾರ ಹುಡುಗನೂ ಅಲ್ಲ, ಹುಡುಗ ಅನ್ನುವ ವಯಸ್ಸೂ ಅಲ್ಲ. ಟೆಸ್ಟಿಂಗನ್ನು ಪ್ರತ್ಯೇಕ ವಿಭಾಗ ಮಾಡಿ ಅದಕ್ಕೊಬ್ಬ ಮ್ಯಾನೇಜರನ್ನು ಹಾಕುತ್ತಾರೆ ಎಂದಾಗ ನಾನು ಆಸೆ ಇಟ್ಟುಕೊಳ್ಳಲಿಲ್ಲ. ತೀರ್ಮಾನದ ಸಭೆಗೆ ಮೇಡಂ ಹೋಗಿದ್ದರು. ಮಧ್ಯಾಹ್ನ ಬಹಳ ಹೊತ್ತು ನಡೆಯಿತು. ಹೊರಗೆ ಬಂದವರು ಶಾಪಿನ ಉದ್ದಕ್ಕೂ ನಡೆದು ನನ್ನ ಟೆಸ್ಟ್ ಬೆಡ್ಡಿನ ಹತ್ತಿರ ನಿಂತರು. ಪಂಪು ಓಡುತ್ತಿದ್ದುದರಿಂದ ಜೋರಾಗಿಯೇ ಹೇಳಬೇಕಾಯಿತು.

“ನಿಮಗೇ ಆಯ್ತು ಕಣ್ರೀ.”

ನನಗೆ ನಂಬಿಕೆ ಬರಲಿಲ್ಲ. “ಹೇಗೆ? ಅವರ ಕಡೆಯವರು ಇಬ್ಬರಿದ್ದರಲ್ಲ? ನೀವು ಏನಂತ ಹೇಳಿದ್ರಿ?”

“ಏನು ಹೇಳೋದು? ಇವನು ಯಾರ ಪೈಕಿ ಅಂತ ಕೇಳಿದ್ರು. ಯಾರ ಪೈಕೀನೂ ಅಲ್ಲ, ಪಂಪ್ ಕೆಟ್ಟಿದ್ರೆ ದೂರದಿಂದ್ಲೇ ಶಬ್ದ ಕೇಳಿ ಏನಾಗಿದೆ ಅಂತ ಏಳ್ತಾನೆ, ನಿಮ್ಮವರಲ್ಲಿ ಯಾರಾದ್ರೂ ಏಳ್ತಾರಾ, ಕರೀರಿ ನೋಡೋಣ, ಅಂದೆ. ಕರೀಲಿಲ್ಲ.” ಆಮೇಲೆ ಬೆರಳು ಬೆಡ್ಡಿನತ್ತ ತೋರಿಸಿದರು. “ಈಗ ಇದ್ಯಾಕೆ ಹಿಂಗೆ ಶಬ್ದ ಮಾಡ್ತಿದೆ? ನಿಲ್ಲಿಸಿ ಮೊದಲು.”

ನಿಲ್ಲಿಸಿದೆ. ಅವರು ಹೋದರು. ತಮ್ಮ ಕೆಲಸ ನೋಡಿ ಒಬ್ಬರಾದರೂ ಕೊಡಬಾರದಾಗಿತ್ತಾ ಅಂತ ಕೇಳಿದ್ದವರು, ತಮಗೆ ಕೊನೆಯವರೆಗೂ ಹಾಗೆ ಸಿಗದಿದ್ದದ್ದನ್ನು ನನಗೆ ಕೊಟ್ಟು ಹೋದರು. ನನ್ನ ನೌಕರಿಯಲ್ಲಿ ಬಡ್ತಿಗಳು ಹಲವು ಬಂದವು, ಎಲ್ಲಕ್ಕೂ ಪೇಡ ಹಂಚಿದ್ದೇನೆ. ಕೆಲಸ ಮಾಡಿದ್ದಕ್ಕೆ ಸಿಕ್ಕಿದ್ದು ಅದೊಂದೇ.